ಕಟ್ಟಲಿ, ಬೀಳಿಸಲಿ, ಕಲಿಯಲಿ



"ಮಗು ಸುಮ್ಮನೆ ಆಡ್ತಾ ಕೂತಿದೆ" ಅಂತ ಜನ ಹೇಳ್ತಾರೆ. ಅದು ಸುಮ್ಮನೆ ಅಲ್ಲ. ಚಿಕ್ಕ ಮಗುವಿಗೆ ಆಟವೇ ಪಾಠ.

ಜರ್ಮನಿ ದೇಶದಲ್ಲಿ ಫ್ರೋಬೆಲ್ ಎಂಬ ಮೇಷ್ಟ್ರು ಇದ್ದರು. ಅವರು 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಶಾಲೆ ತೆರೆದರು. ಅಲ್ಲಿ ಮಕ್ಕಳ ಕೈಗೆ ಆಡಲು ಮರದ ತುಂಡುಗಳನ್ನು ಕೊಟ್ಟರು. ನಮ್ಮ ದೇಶದಲ್ಲಿ 1975ರಲ್ಲಿ ಅಂಗನವಾಡಿಗಳು ಶುರುವಾದವು. ಅಲ್ಲೂ ಮೂರರಿಂದ ಆರು ವರ್ಷದ ಮಕ್ಕಳು ಆಡುತ್ತಾ ಕಲಿಯುತ್ತಾರೆ.

ಮರದ ತುಂಡಿನಲ್ಲಿ ಮಗು ಏನು ಕಲಿಯುತ್ತೆ? ನೋಡೋಣ.

ಒಂದೂವರೆ ವರ್ಷದ ಮಗು ಸುಮಾರು ಮೂರು ತುಂಡು ಒಂದರ ಮೇಲೊಂದು ಇಡುತ್ತೆ. ಎರಡು ವರ್ಷಕ್ಕೆ ಐದಾರು ಇಡುತ್ತೆ. ಮೂರು ವರ್ಷಕ್ಕೆ ಸೇತುವೆ ಕಟ್ಟುತ್ತೆ. ಕೆಲವು ಮಕ್ಕಳು ಬೇಗ, ಕೆಲವರು ನಿಧಾನ.

ಕಟ್ಟಿದ ಗೋಪುರ ಬೀಳುತ್ತೆ. ಮಗು ಮತ್ತೆ ಕಟ್ಟುತ್ತೆ. ದೊಡ್ಡದು ಕೆಳಗೆ, ಚಿಕ್ಕದು ಮೇಲೆ ಇಟ್ಟರೆ ನಿಲ್ಲುತ್ತೆ. ಇದನ್ನು ಯಾರೂ ಹೇಳಿಕೊಡಲಿಲ್ಲ. ಮಗು ತಾನೇ ಕಂಡುಕೊಂಡಿತು. ಅವಸರಪಟ್ಟು ದೊಡ್ಡವರು ಸರಿಮಾಡಿ ಕೊಟ್ಟರೆ ಆ ಕಲಿಕೆ ತಪ್ಪಿಹೋಗುತ್ತೆ.

ಎರಡು ಚಿಕ್ಕ ತುಂಡು ಸೇರಿದರೆ ಒಂದು ದೊಡ್ಡ ತುಂಡಿನಷ್ಟು. ಇದು ಲೆಕ್ಕ. ಮೇಲೆ, ಕೆಳಗೆ, ಪಕ್ಕ. ಇದು ಮಾತು. ಬೆರಳಿಗೂ ಹಿಡಿತ ಬರುತ್ತೆ. ಮೊದಲ ದಿನ ಬಳಪ ಹಿಡಿದಾಗ ನಮ್ಮ ಬೆರಳು ಎಷ್ಟು ಬಿಗಿಯಾಗಿತ್ತು, ನೆನಪಿದೆಯಾ?

ಚನ್ನಪಟ್ಟಣದ ಬಣ್ಣದ ಆಟಿಕೆ ಕೊಳ್ಳಲು ದುಡ್ಡು ಇಲ್ಲವೇ? ಚಿಂತೆ ಬೇಡ. ಬಡಗಿಯ ಹತ್ತಿರ ಉಳಿದ ಮರದ ತುಂಡು ಕೇಳಿ ತನ್ನಿ. ಸಿಬಿರು ಹೋಗುವ ಹಾಗೆ ಉಜ್ಜಿ ನುಣುಪು ಮಾಡಿ. ಖಾಲಿ ಬೆಂಕಿಪೊಟ್ಟಣ, ತೆಂಗಿನ ಚಿಪ್ಪು ಕೂಡ ಆದೀತು. ಬಾಯಲ್ಲಿ ಹಿಡಿಸುವಷ್ಟು ಚಿಕ್ಕ ತುಂಡು ಮಾತ್ರ ಎಳೆಯ ಮಕ್ಕಳ ಕೈಗೆ ಕೊಡಬೇಡಿ. ನುಂಗಿದರೆ ಉಸಿರು ಕಟ್ಟುತ್ತೆ.

ಇನ್ನೊಂದು ಮಾತು. ಎಷ್ಟೋ ಮನೆಗಳಲ್ಲಿ ಮಗ ಮನೆ ಕಟ್ಟಿ ಆಡ್ತಾನೆ. ಮಗಳನ್ನು "ಏಳೇ, ಪಾತ್ರೆ ತೊಳಿ, ತಮ್ಮನ್ನ ಎತ್ತಿಕೋ" ಅಂತ ಎಬ್ಬಿಸ್ತಾರೆ. ನಮ್ಮನ್ನೂ ಹೀಗೇ ಎಬ್ಬಿಸಿದ್ದರು. ಅಕ್ಷರ ನಮ್ಮ ಕೈಗೆ ತಡವಾಗಿ ಸಿಕ್ಕಿತು. ನಮ್ಮ ಹೆಣ್ಣು ಮಕ್ಕಳಿಗೆ ಹಾಗಾಗೋದು ಬೇಡ. ಮಗಳೂ ಕಟ್ಟಲಿ, ಮಗನೂ ಕಟ್ಟಲಿ. ಆಟ ಮುಗಿದ ಮೇಲೆ ಇಬ್ಬರೂ ತುಂಡುಗಳನ್ನು ಎತ್ತಿಡಲಿ.

ದಿನಕ್ಕೆ ಹತ್ತು ನಿಮಿಷ ಮಕ್ಕಳ ಪಕ್ಕ ಕೂರೋಣ. "ಏನು ಕಟ್ಟಿದೆ ಪುಟ್ಟಿ?" ಅಂತ ಕೇಳೋಣ. ಅವಳು ಹೇಳೋದನ್ನು ಪೂರ್ತಿ ಕೇಳೋಣ.