ಕೊಂಡು ತಂದ ಸೊಪ್ಪಿನ ಹಿಂಸೆ ಯಾರದು?



ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳ ಎರಡು ಮೂರು ತಲೆಮಾರುಗಳನ್ನು ಹಿಂದಕ್ಕೆ ಸರಿಸಿ ನೋಡಿದರೆ ಅನೇಕ ಮನೆಗಳಲ್ಲಿ ಒಬ್ಬ ಬೇಸಾಯಗಾರ ಕಾಣಸಿಗುತ್ತಾನೆ. ಬೆಳಗಾವಿ, ಕೊಲ್ಲಾಪುರ, ಸಾಂಗಲಿ ಸೀಮೆಯ ಜೈನರಲ್ಲಿ ದೊಡ್ಡ ಪಾಲು ನೇಗಿಲನ್ನೇ ನಂಬಿ ಬಾಳಿದವರದು. ತುಳುನಾಡಿನ ಜೈನ ಮನೆತನಗಳೂ ಗದ್ದೆ ತೋಟಗಳ ನಡುವೆಯೇ ಬೆಳೆದವು. ಇಂದು ಅದೇ ಮನೆತನಗಳ ಮೊಮ್ಮಕ್ಕಳು ಎಂಟನೆಯ ಮಹಡಿಯಲ್ಲಿ ಕುಳಿತು ಮೊಬೈಲಿನಲ್ಲಿ ಮೆಂತ್ಯದ ಕಟ್ಟನ್ನು ತರಿಸಿಕೊಳ್ಳುತ್ತಾರೆ. ಅದು ಯಾರ ಹೊಲದ್ದು, ಯಾವ ನೀರು ಕುಡಿದದ್ದು, ಅದರ ಮೇಲೆ ಎಷ್ಟು ಸಲ ಔಷಧಿ ಸಿಂಪಡಿಸಲಾಗಿದೆ ಎಂಬುದು ಅವರಿಗೆ ತಿಳಿಯದು. ತಿಳಿಯುವ ದಾರಿಯೂ ಇಲ್ಲ.

ಇಂಥ ಮನೆಗಳಲ್ಲಿ ಕೈತೋಟದ ಮಾತು ಬಂದಾಗ ಸಾಮಾನ್ಯವಾಗಿ ಒಂದು ಆಕ್ಷೇಪ ಕೇಳಿಬರುತ್ತದೆ. ಮಣ್ಣು ಅಗೆದರೆ ಜೀವಹಿಂಸೆ, ನೀರೆರೆದರೆ ಜೀವಹಿಂಸೆ, ಹುಳು ಬಿದ್ದರೆ ಮತ್ತೊಂದು ಸಂಕಟ; ಕೊಂಡು ತಂದರೆ ಆ ದೋಷವಿಲ್ಲ ಎಂಬುದು ಆ ವಾದ. ಇದನ್ನು ಅಜ್ಞಾನವೆಂದು ತಳ್ಳಿಹಾಕಲಾಗದು. ಹದಿನೈದು ಕರ್ಮಾದಾನಗಳ ಪಟ್ಟಿಯಲ್ಲಿ ಭೂಮಿಯನ್ನು ಒಡೆಯುವ ಕಸುಬೂ ಇದೆ. ಸೂಕ್ಷ್ಮ ಜೀವಿಗಳ ಬಗೆಗಿನ ಆ ಎಚ್ಚರವೇ ಜೈನ ಬದುಕಿನ ಹಿರಿಮೆ. ಆದರೆ ಅದೇ ಎಚ್ಚರ ತರಕಾರಿಯ ಚೀಲ ಕೈಗೆ ಬಂದೊಡನೆ ನಿದ್ರಿಸಬೇಕೆ?

ಹಿಂಸೆಯನ್ನು ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಎಂಬ ಮೂರನ್ನೂ ಜಿನಾಗಮ ಲೆಕ್ಕಕ್ಕೆ ತೆಗೆದುಕೊಂಡಿದೆ. ಕೃತ, ಕಾರಿತ, ಅನುಮೋದಿತ ಎಂಬ ಈ ವಿಂಗಡಣೆ ಪಾಠಶಾಲೆಯ ಮಕ್ಕಳಿಗೂ ಬಾಯಿಪಾಠ. ಹಣ ಕೊಟ್ಟು ಕೊಂಡ ಸೊಪ್ಪಿನಲ್ಲಿ ಮೊದಲನೆಯದು ತಪ್ಪಬಹುದು; ಉಳಿದೆರಡು ತಪ್ಪುವುದಿಲ್ಲ. ಕೀಟನಾಶಕ ಸಿಂಪಡಿಸಿದ ಕೂಲಿಯಾಳಿನ ಪಾಲಿಗೆ ಹಿಂಸೆಯನ್ನು ಬಿಟ್ಟು, ತಟ್ಟೆಯ ಪಾಲನ್ನು ಮಾತ್ರ ಶುದ್ಧವೆಂದು ಎತ್ತಿಕೊಳ್ಳುವುದು ಅಹಿಂಸೆಯಲ್ಲ. ಅದು ಹೊಣೆಯ ವರ್ಗಾವಣೆ.

ಗೃಹಸ್ಥನಿಗೆ ಧರ್ಮವು ಅಸಾಧ್ಯವಾದುದನ್ನು ವಿಧಿಸಿಲ್ಲ. ಸಂಕಲ್ಪೀ ಹಿಂಸೆಯನ್ನು ಅವನು ಬಿಡಲೇಬೇಕು. ಆರಂಭೀ ಮತ್ತು ಉದ್ಯೋಗೀ ಹಿಂಸೆಗಳನ್ನು ಎಚ್ಚರದಿಂದ ಕಡಿಮೆ ಮಾಡಿಕೊಳ್ಳಬೇಕು. ಭೋಗಭೂಮಿಯ ಕಲ್ಪವೃಕ್ಷಗಳು ಕ್ಷೀಣಿಸಿ ಪ್ರಜೆಗಳು ಹಸಿದು ಬಂದಾಗ ಭಗವಾನ್ ಆದಿನಾಥರು ಉಪದೇಶಿಸಿದ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಕರ್ಮಗಳಲ್ಲಿ ಕೃಷಿಯೂ ಒಂದು. ಜಿನಸೇನಾಚಾರ್ಯರ ಆದಿಪುರಾಣ ಇದನ್ನು ವಿವರಿಸುತ್ತದೆ. ಸಮಂತಭದ್ರಾಚಾರ್ಯರು ಸ್ವಯಂಭೂ ಸ್ತೋತ್ರದಲ್ಲಿ ಆದಿನಾಥರನ್ನು ಸ್ತುತಿಸುವಾಗ ಪ್ರಜೆಗಳಿಗೆ ಕೃಷಿ ಮೊದಲಾದ ಕರ್ಮಗಳನ್ನು ಕಲಿಸಿದುದನ್ನೇ ನೆನೆಯುತ್ತಾರೆ. ಅವರೇ ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಫಲವಾಗಿ ನೆಲ ಅಗೆಯುವುದನ್ನು, ನೀರು ಚೆಲ್ಲುವುದನ್ನು, ಗಿಡ ಕಡಿಯುವುದನ್ನು ಪ್ರಮಾದಚರ್ಯೆಯೆಂಬ ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಇಲ್ಲಿ ತೂಕವಿರುವುದು ನಿಷ್ಫಲ ಎಂಬ ಮಾತಿಗೆ. ಈ ಅಳತೆಗೋಲಿನಿಂದ ನೋಡಿದರೆ ಸೊಸೈಟಿಯ ಅಂಗಳದಲ್ಲಿ ಶೋಭೆಗಾಗಿ ಬೆಳೆಸಿ, ದಿನವೂ ನೀರುಣಿಸಿ, ವಾರಕ್ಕೊಮ್ಮೆ ಕತ್ತರಿಸುವ ಹುಲ್ಲುಹಾಸಿಗೆ ಕೊಡಬೇಕಾದ ಸಮಜಾಯಿಷಿ ಹರಿವೆಯ ಮಡಿಗೆ ಕೊಡಬೇಕಾದುದಕ್ಕಿಂತ ಹೆಚ್ಚಿನದು.

ಸ್ವಾವಲಂಬನೆಯ ಪ್ರಶ್ನೆ ಮನೆಗಷ್ಟೇ ಅಲ್ಲ, ದೇಶಕ್ಕೂ ಸಂಬಂಧಿಸಿದ್ದು. ಒಂದು ಕಾಲದಲ್ಲಿ ಭಾರತ ಅಮೆರಿಕದ ಪಿ.ಎಲ್. 480 ಯೋಜನೆಯ ಗೋಧಿಗಾಗಿ ಹಡಗುಗಳ ದಾರಿ ಕಾಯಬೇಕಾಗಿತ್ತು. 1965ರಲ್ಲಿ ಯುದ್ಧ ಮತ್ತು ಅನ್ನದ ಅಭಾವ ಒಟ್ಟಿಗೆ ಎದುರಾದಾಗ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡುವಂತೆ ಜನರನ್ನು ಕೋರಿದರು. ದೆಹಲಿಯ ತಮ್ಮ ಅಧಿಕೃತ ನಿವಾಸದ ಹುಲ್ಲುಹಾಸನ್ನು ಉತ್ತು ಬೆಳೆಯಿಟ್ಟರು. ಆ ತುಂಡು ನೆಲದ ಫಸಲಿನಿಂದ ದೇಶದ ಹಸಿವು ನೀಗುವಂತಿರಲಿಲ್ಲ. ಆದರೆ ಇತರರಿಗೆ ಹೇಳುವ ಮುನ್ನ ತನ್ನ ಮನೆಯಲ್ಲಿ ಆರಂಭಿಸಿದ ನಾಯಕನ ಮಾತಿಗೆ ತೂಕವಿತ್ತು. ಉಪವಾಸ ಮತ್ತು ಕೃಷಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ ಆ ಕರೆ ಜೈನರಿಗೆ ಅಪರಿಚಿತವಾದುದೂ ಆಗಿರಲಿಲ್ಲ.

ಮಿತಿಯನ್ನೂ ಅರಿಯಬೇಕು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದು ತೈಲ, ರಸಗೊಬ್ಬರಗಳ ಪೂರೈಕೆ ನಿಂತುಹೋದಾಗ ಕ್ಯೂಬಾ ದೇಶ ಹವಾನಾ ನಗರದ ಖಾಲಿ ನಿವೇಶನಗಳಲ್ಲಿ ತರಕಾರಿ ಮಡಿಗಳನ್ನು ಕಟ್ಟಿತು. ಸೊಪ್ಪು ತರಕಾರಿ ನಗರದೊಳಗೇ ದೊರೆಯುವಂತಾಯಿತು. ಆದರೂ ಧಾನ್ಯ ಮುಂತಾದವಕ್ಕಾಗಿ ಆ ದೇಶ ಹೊರಗಿನ ಆಮದನ್ನು ಅವಲಂಬಿಸುವುದು ತಪ್ಪಲಿಲ್ಲ.

ಮನೆಯ ಲೆಕ್ಕವೂ ಹೀಗೆಯೇ. ಗಡ್ಡೆಗಳನ್ನು ಬಿಟ್ಟು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಾಲ್ವರ ಮನೆಗೆ ದಿನಕ್ಕೆ 1.6 ಕಿಲೋ, ವರ್ಷಕ್ಕೆ 580 ಕಿಲೋ ದಾಟುತ್ತದೆ. ಬಾಲ್ಕನಿಯ ಹತ್ತು ಕುಂಡಗಳಿಂದ ಇದು ಸಾಧ್ಯವಿಲ್ಲ. ಸಾಧ್ಯವಿರುವುದು ಕರಿಬೇವು, ಹಸಿಮೆಣಸಿನಕಾಯಿ, ಕೊತ್ತಂಬರಿ, ವಾರಕ್ಕೆರಡು ಮೂರು ಸಲದ ಸೊಪ್ಪು. ಔಷಧಿಯ ಭಯ ಹೆಚ್ಚಾಗಿ ಕಾಡುವುದೂ ಎಲೆಯ ಸಮೇತ ತಿನ್ನುವ ಈ ಪದಾರ್ಥಗಳಲ್ಲೇ. ಸ್ವಾವಲಂಬನೆ ಇಲ್ಲಿಂದ ಮೊದಲಾದರೆ ಸಾಕು.

ನಗರದಲ್ಲಿ ಇದು ಸಾಧ್ಯವೆಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಮುಂಬಯಿ ಪೋರ್ಟ್ ಟ್ರಸ್ಟಿನ ನೌಕರರಿಗೆ ಅಡುಗೆ ಸಿದ್ಧವಾಗುವ ಕಟ್ಟಡದ ತಾರಸಿಯ ಮೇಲೆ ಅಡುಗೆಮನೆಯ ಕಸವೇ ಗೊಬ್ಬರವಾಗಿ ತೋಟವೊಂದು ಎದ್ದಿತು. ಕೊಲ್ಲಾಪುರದ ಗಣಿತ ಪ್ರಾಧ್ಯಾಪಕ ಶ್ರೀಪಾದ ದಾಭೋಳಕರರು ಪ್ರಯೋಗ ಪರಿವಾರ ಎಂಬ ಬಳಗ ಕಟ್ಟಿ, ಚಿಕ್ಕ ಜಾಗದಲ್ಲಿ ಬಿಸಿಲು ಮತ್ತು ಕಸದ ಲೆಕ್ಕ ಹಿಡಿದು ಬೆಳೆಯುವುದನ್ನು ಜನರಿಗೆ ತೋರಿಸಿದರು.

ವಿಧಾನ ಕಷ್ಟದ್ದಲ್ಲ. ಸೊಪ್ಪಿಗೆ ದಿನಕ್ಕೆ ನಾಲ್ಕು ಗಂಟೆ, ಕಾಯಿ ಬಿಡುವ ಗಿಡಕ್ಕೆ ಆರು ಗಂಟೆ ಬಿಸಿಲು ಬೇಕು. ತಾರಸಿಯ ಮೇಲೆ ಬರಿಯ ಮಣ್ಣು ತುಂಬಿಸಬಾರದು. ನೆನೆದ ಮಣ್ಣಿನ ಭಾರ ಬಹಳ. ತೆಂಗಿನ ನಾರಿನ ಪುಡಿ ಮತ್ತು ಗೊಬ್ಬರ ಬೆರೆಸಿದರೆ ಹಗುರವಾಗುತ್ತದೆ. ಆದರೂ ದೊಡ್ಡ ತೋಟಕ್ಕೆ ಕೈಹಾಕುವ ಮುನ್ನ ಕಟ್ಟಡ ಬಲ್ಲ ಎಂಜಿನಿಯರನ್ನು ಕೇಳಬೇಕು. ಮೆಂತ್ಯ ಮತ್ತು ಹರಿವೆ ಸುಮಾರು ಒಂದು ತಿಂಗಳಲ್ಲಿ ಕೈಗೆ ಬರುತ್ತವೆ. ಬಸಳೆ, ತೊಂಡೆ ಬಳ್ಳಿಯ ತುಂಡಿನಿಂದಲೇ ಚಿಗುರುತ್ತವೆ. ಚೆನ್ನೈಯ ಸೆಕೆಗೆ ಬಸಳೆ ಒಗ್ಗುತ್ತದೆ. ದೆಹಲಿಯಲ್ಲಿ ಮೆಂತ್ಯಕ್ಕೆ ಚಳಿಗಾಲವೇ ತಕ್ಕ ಕಾಲ. ಕೀಟ ಬಿದ್ದ ಮೇಲೆ ಕೊಲ್ಲುವ ಮಾತಿಗಿಂತ, ಬೀಳುವ ಮೊದಲೇ ಸಣ್ಣ ಕಣ್ಣಿನ ಬಲೆ ಹೊದಿಸುವುದು ಶ್ರಾವಕನಿಗೆ ಒಪ್ಪುವ ಮಾರ್ಗ. ಚಾತುರ್ಮಾಸದಲ್ಲಿ ಎಲೆಸೊಪ್ಪು ತ್ಯಜಿಸುವ ಮನೆಗಳಲ್ಲಿ ಆ ನಾಲ್ಕು ತಿಂಗಳು ಕುಂಡಗಳಿಗೂ ವಿಶ್ರಾಂತಿ. ಬೀಜವನ್ನು ಪ್ರತಿ ಸಲ ಕೊಳ್ಳುವವರೆಗೆ ಸ್ವಾವಲಂಬನೆ ಅರ್ಧವೇ. ಹೈಬ್ರಿಡ್ ಗಿಡದ ಬೀಜದಿಂದ ತಾಯಿಗುಣದ ಬೆಳೆ ಬರುವ ಭರವಸೆಯಿಲ್ಲ. ಆದ್ದರಿಂದ ನಾಟಿ ಬೀಜ ತಂದು, ಒಂದೆರಡು ಗಿಡಗಳನ್ನು ಬೀಜಕ್ಕೆಂದೇ ಬಿಡಬೇಕು.

ಇನ್ನು ಸೊಸೈಟಿಗಳ ಮಾತು. ಮೂಲದಲ್ಲೇ ಕಸ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದವು. 5,000 ಚದರ ಮೀಟರಿಗಿಂತ ದೊಡ್ಡ ವಸತಿ ಸಂಕೀರ್ಣಗಳು ಹಸಿ ಕಸವನ್ನು ಸಾಧ್ಯವಾದಷ್ಟೂ ತಮ್ಮ ಆವರಣದಲ್ಲೇ ಸಂಸ್ಕರಿಸಬೇಕೆಂದವು. ಹಸಿ ಕಸಕ್ಕೆ ಒಣ ಎಲೆ ಬೆರೆಸಿ ಗಾಳಿಯಾಡಿಸಿದರೆ ಎರಡು ತಿಂಗಳ ಆಸುಪಾಸಿನಲ್ಲಿ ಗೊಬ್ಬರ. ಜೈನರು ಅಧ್ಯಕ್ಷ, ಕಾರ್ಯದರ್ಶಿಗಳಾಗಿರುವ ಸೊಸೈಟಿಗಳೂ ಈ ನಗರಗಳಲ್ಲಿ ಇವೆ. ಮೂಲೆಯಲ್ಲೊಂದು ಗೊಬ್ಬರದ ತೊಟ್ಟಿ, ತಾರಸಿಯಲ್ಲೊಂದು ಪಾಲು ಜಾಗ ಕೊಡಿಸಲು ಅಂಥವರಿಗೆ ಬೇಕಾದದ್ದು ಒಂದು ಠರಾವು ಮಾತ್ರ. ಬಸದಿ, ಸಮಾಜ ಭವನಗಳ ತಾರಸಿಗಳಿಗೂ ಇದೇ ಮಾತು ಸಲ್ಲುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಶುದ್ಧ ಆಹಾರದ ಹೆಸರಿನ ಪ್ರತಿಯೊಂದು ಹೊಸ ನೇಮವೂ ಕೊನೆಗೆ ಮನೆಯ ಹೆಣ್ಣುಮಕ್ಕಳ ಹೆಗಲಿಗೇ ಬೀಳುವುದು ಸಮಾಜದ ಹಳೆಯ ರೋಗ. ನೀರು ಸೋಸುವುದು, ಕಾಳು ಆರಿಸುವುದು, ಸೂರ್ಯಾಸ್ತಕ್ಕೆ ಮುಂಚೆ ಅಡುಗೆ ಮುಗಿಸುವುದು, ಇವುಗಳ ಮೇಲೆ ಹತ್ತು ಕುಂಡಗಳನ್ನೂ ಸೊಸೆಯ ಪಾಲಿಗೆ ಸೇರಿಸಿ, ಸಭೆಯಲ್ಲಿ ಗಂಡಸರು ಅಹಿಂಸೆಯ ಭಾಷಣ ಮಾಡುವುದಾದರೆ ಆ ತೋಟ ಬೇಡ. ನೀರೆರೆಯುವ ಕೆಲಸ ಮನೆಯ ಯಜಮಾನನಿಂದ, ಕಸ ಬೇರ್ಪಡಿಸುವ ಕೆಲಸ ಮಕ್ಕಳಿಂದ ಮೊದಲಾಗಲಿ. ಅಪ್ಪ ಬಗ್ಗಿ ಎಲೆಯಡಿ ಹುಳು ಹುಡುಕುವುದನ್ನು ಕಂಡ ಮಗುವಿಗೆ ಜೀವದಯೆಯ ಪಾಠವನ್ನು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ. ಬಿಸಿಲಲ್ಲಿ ತಿಂಗಳು ಕಾಯ್ದು ಪಡೆದ ಒಂದು ಹಿಡಿ ಸೊಪ್ಪನ್ನು ಆ ಮಗು ತಟ್ಟೆಯಲ್ಲಿ ಬಿಡುವುದೂ ಇಲ್ಲ. ಮಾರುಕಟ್ಟೆಯ ರೈತನೊಡನೆ ಎರಡು ರೂಪಾಯಿಗೆ ಚೌಕಾಸಿ ಮಾಡುವಾಗ ಅದರ ನಾಲಗೆ ತಡವರಿಸುತ್ತದೆ.

ವರ್ಷದ ಉಪವಾಸದ ಬಳಿಕ ಆದಿನಾಥರು ಹಸ್ತಿನಾಪುರದಲ್ಲಿ ಶ್ರೇಯಾಂಸ ರಾಜನಿಂದ ಸ್ವೀಕರಿಸಿದ ಮೊದಲ ಆಹಾರ ಕಬ್ಬಿನ ರಸ. ಅಕ್ಷಯ ತೃತೀಯೆಯಂದು ಸಮಾಜವೆಲ್ಲ ಆ ರಾಜನ ದಾನವನ್ನು ಕೊಂಡಾಡುತ್ತದೆ. ಆ ಕಬ್ಬನ್ನು ನೆಟ್ಟು ನೀರುಣಿಸಿದ ಕೈಗಳೂ ಇದ್ದೇ ಇದ್ದವು. ಕೃಷಿಯನ್ನು ಕಲಿಸಿದವರ ಕರಪಾತ್ರಕ್ಕೆ ಕೃಷಿಯ ಫಲವೇ ಬಂದು ಸೇರಿತು. ಮುಂದಿನ ಅಕ್ಷಯ ತೃತೀಯೆಯ ಹೊತ್ತಿಗೆ ಈ ಸಭೆಗೆ ಬಂದಿರುವ ಪ್ರತಿಯೊಂದು ಮನೆಯಲ್ಲೂ ಒಂದು ಕುಂಡವಾದರೂ ಹಸಿರಾಗಿರಲಿ. ಅದರಲ್ಲಿ ಆಗುವ ಆರಂಭೀ ಹಿಂಸೆ ಆ ಮನೆಯದೇ. ಅದನ್ನು ಕಡಿಮೆ ಮಾಡುವ ಎಚ್ಚರವೂ ಆ ಮನೆಯದೇ. ಕೊಂಡು ತಂದ ಸೊಪ್ಪಿನಲ್ಲಿ ಆ ಎಚ್ಚರಕ್ಕೆ ಅವಕಾಶವೇ ಇರಲಿಲ್ಲ.

ಜಯ ಜಿನೇಂದ್ರ.