ಅಳಿಯನ ದೀಪಾವಳಿ, ಮಗಳ ದೀಪಾವಳಿ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)

ದೀಪಾವಳಿಗೆ ಇನ್ನೊಂದು ತಿಂಗಳಿದೆ. ಈ ಹೊತ್ತಿಗೆ ನಮ್ಮ ಸಂಘಗಳ ವಾರದ ಸಭೆಯಲ್ಲಿ ಏನು ನಡೆಯುತ್ತದೆ ಎನ್ನುವುದು ನಿಮಗೆಲ್ಲ ಗೊತ್ತು. ಅಲ್ಲಿಯವರೆಗೆ ಹಸು ಕೊಳ್ಳಲು, ಹೊಲಿಗೆ ಯಂತ್ರಕ್ಕೆ, ಮಕ್ಕಳ ಶಾಲೆಯ ಫೀಸಿಗೆ ಎಂದು ಸಾಲ ಕೇಳುತ್ತಿದ್ದವರು ಈಗ "ಹಬ್ಬಕ್ಕೆ" ಎನ್ನುತ್ತಾರೆ. ಹಬ್ಬದಲ್ಲಿ ಯಾವುದಕ್ಕೆ ಎಂದು ಕೇಳಿದರೆ ತಲೆ ತಗ್ಗಿಸುತ್ತಾರೆ. ಮಗಳ ಮದುವೆಯಾಗಿ ಇದು ಮೊದಲ ದೀಪಾವಳಿ. ಅಳಿಯಂದಿರು ಬರುತ್ತಾರೆ. ಬೆರಳಿಗೆ ಒಂದು ಉಂಗುರವಿಲ್ಲದೆ ಅವರನ್ನು ಕಳಿಸುವುದು ಹೇಗೆ?

ಈ ಸಭೆ ಕರೆದವರು ನನಗೆ ಕಾನೂನಿನ ಬಗ್ಗೆ ಮಾತಾಡಿ ಎಂದರು. ಕಾನೂನನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೂ ಮೊದಲು ಹಬ್ಬದ ಬಗ್ಗೆಯೇ ಮಾತಾಡುತ್ತೇನೆ. ಮಗಳು, ಅಳಿಯ, ಬೀಗರನ್ನು ಕರೆದು ಮನೆಯಲ್ಲಿ ಹಬ್ಬ ಮಾಡುವಾಗ ಎಷ್ಟು ಬೇಳೆ, ಎಷ್ಟು ಬೆಲ್ಲ, ಯಾರಿಗೆ ಯಾವ ಕೆಲಸ, ಎಷ್ಟು ದುಡ್ಡು? "ಇದೂ ಒಂದು ಭಾಷಣವೇ?" ಎಂದು ನಗಬೇಡಿ. ಹಬ್ಬದ ಲೆಕ್ಕ ತಪ್ಪಿದ ಮನೆಯಲ್ಲಿ ಆಮೇಲೆ ಕಣ್ಣೀರು ಹಾಕುವವರು ಯಾರು? ನಾವೇ ಅಲ್ಲವೇ?

ಹಬ್ಬ ಬೇಡ ಎಂದು ನಾನು ಹೇಳುತ್ತಿಲ್ಲ. ವರ್ಷವಿಡೀ ದುಡಿಯುವ ನಮಗೆ ನಾಲ್ಕು ದಿನದ ಸಂತೋಷ ಬೇಕು. ಕೊಟ್ಟ ಮನೆಯಿಂದ ಮಗಳು ತವರಿಗೆ ಬಂದು ಎರಡು ದಿನ ಇರಬೇಕು. ನಮ್ಮ ಹಿರಿಯರು ಮೊದಲ ಹಬ್ಬಕ್ಕೆ ಕರೆಸುವ ಪದ್ಧತಿ ಇಟ್ಟದ್ದರಲ್ಲಿ ಒಂದು ಒಳ್ಳೆಯ ಅರ್ಥವಿದೆ. ಹೊಸ ಮನೆಯಲ್ಲಿ ಮಗಳು ಹೇಗಿದ್ದಾಳೆ ಎಂದು ಕಣ್ಣಾರೆ ನೋಡಲು ಅದೊಂದು ದಾರಿ. ಆದರೆ ಈಗ ಏನಾಗಿದೆ? ಹಬ್ಬಕ್ಕೆ ಬರುವವಳು ಮಗಳು. ನಾವು ನೋಡಿಕೊಳ್ಳುವುದು ಮಾತ್ರ ಅಳಿಯನನ್ನು.

ನಮ್ಮ ಕಡೆಯ ಒಬ್ಬ ತಾಯಿ ಹಬ್ಬ ಮುಗಿದ ಮೇಲೆ ನನ್ನ ಹತ್ತಿರ ಹೇಳಿದ ಮಾತು ಇದು: "ಮೂರು ದಿನ ಇದ್ಲು ಕಣಕ್ಕಾ. ಒಲೆ ಮುಂದೆ ನಾನು, ಪಾತ್ರೆ ಮುಂದೆ ಅವಳು. ಒಂದು ಮಾತು ಕೇಳೋಕೆ ಪುರುಸೊತ್ತೇ ಸಿಗಲಿಲ್ಲ." ಆ ಮಗಳು ಮೂರು ತಿಂಗಳ ಮೇಲೆ ರಾತ್ರಿ ಹೊತ್ತಿನಲ್ಲಿ ಉಟ್ಟ ಬಟ್ಟೆಯಲ್ಲಿ ತವರಿಗೆ ಬಂದಳು. ಹಬ್ಬಕ್ಕೆ ಬಂದಾಗಲೇ ಅವಳ ಮೈಮೇಲೆ ಬರೆ ಇತ್ತಂತೆ. ಹೇಳಬೇಕು ಎಂದುಕೊಂಡೇ ಬಂದಿದ್ದಳಂತೆ.

ಆದ್ದರಿಂದ ನಾನು ಹೇಳುವುದು ಇಷ್ಟೇ. ಮಗಳ ಹತ್ತಿರ ಕೂತು ಮಾತಾಡಲು ತಾಯಿಗೆ ಸಮಯ ಉಳಿದರೆ ಆ ಹಬ್ಬ ಚೆನ್ನಾಗಿ ನಡೆಯಿತು ಎಂದು ತಿಳಿಯಿರಿ. ಎಲೆಯಲ್ಲಿ ಎಷ್ಟು ಬಗೆ ಇತ್ತು, ಅಳಿಯನಿಗೆ ಏನು ಕೊಟ್ಟರು ಎನ್ನುವುದೆಲ್ಲ ಊರಿನವರು ಎರಡು ದಿನ ಆಡಿಕೊಂಡು ಮರೆತುಬಿಡುತ್ತಾರೆ. ಆ ಸಮಯ ಉಳಿಯಬೇಕಾದರೆ ಒಂದು ತಿಂಗಳ ಮುಂಚೆಯೇ ಯೋಚನೆ ಮಾಡಬೇಕು.

ಮೊದಲನೆಯದು ಕರೆಯುವ ಮಾತು. ಕರೆಯುವಾಗಲೇ ನಮ್ಮ ಶಕ್ತಿ ಎಷ್ಟು ಎಂದು ಬಾಯಿ ಬಿಟ್ಟು ಹೇಳಿ. ನಾವು ಸುಮ್ಮನಿದ್ದರೆ ಆ ಕಡೆಯವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ ಹೋಗುತ್ತಾರೆ. ಉಂಗುರವೋ, ಸರವೋ, ಬೈಕೋ ಎಂದು. ಬೀಗಿತ್ತಿಗೆ ನೀವೇ ಫೋನು ಮಾಡಿ: "ಅಕ್ಕಾ, ನೀರು ತುಂಬೋ ಹಬ್ಬದ ದಿನವೇ ಮಕ್ಕಳನ್ನ ಕಳಿಸಿಕೊಡಿ. ಪಾಡ್ಯದ ಊಟಕ್ಕೆ ನೀವೂ ಬನ್ನಿ. ಇಬ್ಬರಿಗೂ ಒಂದೊಂದು ಜೊತೆ ಬಟ್ಟೆ ತೆಗೆದಿದ್ದೀವಿ. ನಮ್ಮ ಕೈಲಾಗೋದು ಇಷ್ಟು. ಪ್ರೀತಿಗೇನೂ ಕಡಿಮೆ ಇಲ್ಲ." ಇಷ್ಟು ಹೇಳಲು ನಾಚಿಕೆ ಏಕೆ? 'ಇಬ್ಬರಿಗೂ' ಎಂಬ ಮಾತನ್ನು ಗಮನಿಸಿ. ಅಳಿಯನಿಗೆ ಒಳ್ಳೆಯ ಪ್ಯಾಂಟು ಶರಟು ತೆಗೆದು, ಮಗಳಿಗೆ ಮದುವೆಯಲ್ಲಿ ಬಂದ ಸೀರೆಯನ್ನೇ ಉಟ್ಟುಕೋ ಎನ್ನುವ ಮನೆಗಳಿವೆ. ಹಾಗೆ ಮಾಡಬೇಡಿ.

ಎರಡನೆಯದು ದುಡ್ಡು. ಸ್ವಲ್ಪ ಲೆಕ್ಕ ಮಾಡೋಣ. ಉಂಗುರಕ್ಕೆಂದು ಸಂಘದಲ್ಲಿ 30,000 ರೂಪಾಯಿ ಸಾಲ ತೆಗೆದಿರಿ, ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ ಎಂದುಕೊಳ್ಳಿ. ಹತ್ತು ತಿಂಗಳಲ್ಲಿ ತೀರಿಸಲು ತಿಂಗಳಿಗೆ 3,000 ಅಸಲು ಕಟ್ಟಬೇಕು. ಮೊದಲ ತಿಂಗಳ ಕಂತು 3,600. ತೀರುವ ಹೊತ್ತಿಗೆ ಬಡ್ಡಿಯೇ 3,300. ಅದೇ ಹಣವನ್ನು ಊರಿನ ಬಡ್ಡಿಯವನ ಹತ್ತಿರ ನೂರಕ್ಕೆ 5 ರೂಪಾಯಿಯಂತೆ ತಂದರೆ ತಿಂಗಳಿಗೆ 1,500, ವರ್ಷಕ್ಕೆ 18,000 ಬರೀ ಬಡ್ಡಿ. ಅಸಲು ಹಾಗೇ ಕೂತಿರುತ್ತದೆ. ಹಸುವಿಗೆ ಮಾಡಿದ ಸಾಲವನ್ನು ಹಸುವೇ ತೀರಿಸುತ್ತದೆ. ಅಳಿಯನ ಬೆರಳಿಗೆ ಹೋದ ಉಂಗುರ ಯಾರ ಸಾಲ ತೀರಿಸುತ್ತದೆ? ಈ ವರ್ಷ ಉಂಗುರ ಹಾಕಿದವರು ಮುಂದಿನ ವರ್ಷ ಬರಿಗೈಯಲ್ಲಿ ಕಳಿಸಿದರೆ ಮಾತು ಕೇಳಬೇಕಾದವಳು ಮಗಳು ಎನ್ನುವುದನ್ನೂ ನೆನಪಿಡಿ.

ಹಬ್ಬವನ್ನು ಉಳಿತಾಯದ ದುಡ್ಡಿನಲ್ಲಿ ಮಾಡಿ. ಯುಗಾದಿಯಿಂದ ದೀಪಾವಳಿಯವರೆಗೆ ಸುಮಾರು 30 ವಾರ ಸಿಗುತ್ತದೆ. ವಾರಕ್ಕೆ 50 ರೂಪಾಯಿ ಬೇರೆ ತೆಗೆದಿಟ್ಟರೆ 1,500 ಆಗುತ್ತದೆ. ಅಡುಗೆಯ ಸಾಮಾನಿನ ದೊಡ್ಡ ಭಾರ ಅದರಲ್ಲಿ ಇಳಿಯುತ್ತದೆ. ಈ ವರ್ಷ ಹಾಗೆ ಕೂಡಿಡದವರು ಇನ್ನೊಂದು ಕೆಲಸ ಮಾಡಬಹುದು. ಸಂಘದ ಹತ್ತು ಹದಿನೈದು ಮನೆಯವರು ಸೇರಿ ಬೇಳೆ, ಬೆಲ್ಲ, ಎಣ್ಣೆಯನ್ನು ಮಂಡಿಯಿಂದ ಒಟ್ಟಿಗೆ ತಂದು ಹಂಚಿಕೊಳ್ಳಿ. ಬಿಡಿಯಾಗಿ ಅಂಗಡಿಯಲ್ಲಿ ತರುವುದಕ್ಕೂ ಅದಕ್ಕೂ ವ್ಯತ್ಯಾಸ ನೀವೇ ನೋಡುವಿರಿ.

ಮೂರನೆಯದು ಅಡುಗೆ. ಪಾಡ್ಯದ ಊಟಕ್ಕೆ ಇಪ್ಪತ್ತು ಜನ ಎಂದುಕೊಳ್ಳೋಣ. ಒಂದೇ ಸಿಹಿ ಸಾಕು. ಒಬ್ಬಟ್ಟು ಮಾಡಿ. ಒಂದು ಕಿಲೋ ಬೇಳೆ, ಒಂದು ಕಿಲೋ ಬೆಲ್ಲ, ಕಣಕಕ್ಕೆ ಮುಕ್ಕಾಲು ಕಿಲೋ ಮೈದಾ. ನಿಂಬೆಹಣ್ಣಿನ ಗಾತ್ರದ ಹೂರಣವಿಟ್ಟು ತಟ್ಟಿದರೆ ಐವತ್ತರ ಹತ್ತಿರ ಆಗುತ್ತದೆ. ತಲೆಗೆ ಎರಡು ಬಡಿಸಿ, ಬೀಗರ ಡಬ್ಬಿಗೂ ಕಟ್ಟಿಕೊಡಬಹುದು. ಬೇಳೆ ಬಸಿದ ಕಟ್ಟಿನಲ್ಲೇ ಸಾರಾಗುತ್ತದೆ. ಅದಕ್ಕೆ ಬೇರೆ ಬೇಳೆ ಬೇಡ. ಎರಡೂವರೆ ಕಿಲೋ ಅಕ್ಕಿ, ಎರಡು ಕಿಲೋ ಹುರುಳಿಕಾಯಿ ಪಲ್ಯ, ಒಂದು ಹೆಸರುಬೇಳೆ ಕೋಸಂಬರಿ, ಹಪ್ಪಳ, ಮಜ್ಜಿಗೆ. ಹೊಟ್ಟೆ ತುಂಬುವ ಹಬ್ಬದೂಟ ಇದು. ಹೂರಣವನ್ನು ಹಿಂದಿನ ಸಂಜೆಯೇ ರುಬ್ಬಿಟ್ಟುಕೊಂಡರೆ ಬೆಳಗಿನ ಅರ್ಧ ಕೆಲಸ ಮುಗಿದ ಹಾಗೆ.

ದೀಪಾವಳಿಗೆ ಕಜ್ಜಾಯ ಇಲ್ಲದಿದ್ದರೆ ಹೇಗೆ ಎನ್ನುತ್ತೀರಿ. ಸರಿ, ಅದನ್ನು ಹಬ್ಬದ ಹಿಂದಿನ ವಾರವೇ ಸಂಘದವರು ಸೇರಿ ಒಂದೇ ಮನೆಯಲ್ಲಿ ಮಾಡಿ. ಅಕ್ಕಿಯನ್ನು ದಿನಾ ನೀರು ಬದಲಿಸುತ್ತಾ ಮೂರು ದಿನ ನೆನೆಸಿ, ಬಸಿದು, ನೆರಳಿನಲ್ಲಿ ಬಟ್ಟೆಯ ಮೇಲೆ ಹರಡಿ, ಇನ್ನೂ ತೇವ ಇರುವಾಗಲೇ ಹಿಟ್ಟು ಮಾಡಿಸಬೇಕು. ಕಿಲೋ ಅಕ್ಕಿಗೆ ಮುಕ್ಕಾಲು ಕಿಲೋ ಬೆಲ್ಲದ ಪಾಕ. ಕಲಸಿಟ್ಟು ಮರುದಿನ ಸಣ್ಣ ಉರಿಯಲ್ಲಿ ಕರಿಯುವುದು. ಒಬ್ಬಳೇ ಮಾಡಿದರೆ ಸೊಂಟ ಮುರಿಯುವ ಕೆಲಸ. ಎಂಟು ಜನ ಸೇರಿದರೆ ಹಾಡು ಹೇಳಿಕೊಂಡು ಮುಗಿಸಬಹುದು. ಮಾಡಿಟ್ಟ ಕಜ್ಜಾಯ ಹಲವು ದಿನ ಕೆಡುವುದಿಲ್ಲ.

ನಾಲ್ಕನೆಯದು ಕೆಲಸ ಹಂಚುವುದು. ಹಂಡೆ ತಿಕ್ಕಿ ನೀರು ತುಂಬುವುದು, ಸೌದೆ ಒಡೆಯುವುದು, ಕಾಯಿ ತುರಿಯುವುದು, ಬಾಳೆಲೆ ತರುವುದು, ಬಡಿಸುವುದು, ಎಲೆ ಎತ್ತುವುದು; ಇದರಲ್ಲಿ ಗಂಡಸರಿಂದ ಆಗದ ಕೆಲಸ ಯಾವುದು? ಮದುವೆ ಮನೆಯಲ್ಲಿ ಸಾವಿರ ಜನಕ್ಕೆ ಅಡುಗೆ ಮಾಡುವವರು, ಬಡಿಸುವವರು ಬಹುಪಾಲು ಗಂಡಸರೇ. ಸ್ವಂತ ಮನೆಯಲ್ಲಿ ಏಕೆ ಆಗುವುದಿಲ್ಲ? ಒಂದು ಹಾಳೆಯಲ್ಲಿ ಕೆಲಸ, ಅದರ ಮುಂದೆ ಹೆಸರು ಬರೆದು ಗೋಡೆಗೆ ಅಂಟಿಸಿ. ಮಕ್ಕಳು ಓದಿ ಹೇಳುತ್ತಾರೆ. ಅಳಿಯನ ಹೆಸರನ್ನೂ ಬರೆಯಿರಿ, ತಪ್ಪಿಲ್ಲ. ಅತ್ತೆಯ ಮನೆಯಲ್ಲಿ ಎಲೆ ಹಾಕಿದ ಅಳಿಯನಿಗೆ ತನ್ನ ಮನೆಯಲ್ಲಿ ತಟ್ಟೆ ಎತ್ತಲು ಕಷ್ಟವಾಗುವುದಿಲ್ಲ. ಕೊನೆಯ ಪಂಕ್ತಿಗೆ ಕಾಯದೆ, ಬೀಗಿತ್ತಿಯ ಪಕ್ಕದಲ್ಲಿ ನೀವೂ ಎಲೆ ಹಾಕಿಕೊಂಡು ಕೂತು ಉಣ್ಣಿ.

ಐದನೆಯದು ಕುಡಿತ ಮತ್ತು ಇಸ್ಪೀಟು. ಅಳಿಯ ಬಂದಿದ್ದಾನೆ ಎಂದು ಭಾವಮೈದುನರು ಬಾಟಲಿ ತರುತ್ತಾರೆ. ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ. ಕುಡಿತ ನಿಂತಿಲ್ಲ. ಹಬ್ಬದ ರಾತ್ರಿ ಮೇಲೆದ್ದ ಕೈ ಬೀಳುವುದು ಹೆಂಗಸರ ಮೇಲೆ. "ನಮ್ಮ ಮನೆಯಲ್ಲಿ ದೀಪ ಹಚ್ಚಿದ ದಿನ ಬಾಟಲಿ ಬರಕೂಡದು" ಎಂದು ಮನೆಯ ಗಂಡಸರಿಗೆ ವಾರದ ಮುಂಚೆಯೇ ಹೇಳಿಡಿ. ಕುಡಿದ ಮೇಲೆ ಹೇಳಿ ಪ್ರಯೋಜನವಿಲ್ಲ.

ಆರನೆಯದು ಯಾರನ್ನು ಕರೆಯಬೇಕು ಎನ್ನುವುದು. ಗಂಡ ತೀರಿಕೊಂಡ ಅತ್ತಿಗೆ, ಗಂಡನ ಮನೆ ಬಿಟ್ಟು ಬಂದ ತಂಗಿ, ಇವರನ್ನು ಅಡುಗೆಮನೆಗೆ ಮಾತ್ರ ಕರೆಯುವುದುಂಟು. ಆರತಿ ತಟ್ಟೆಯನ್ನು ಅವರ ಕೈಗೂ ಕೊಡಿ. ನಮ್ಮ ಮಗಳು ಇದನ್ನು ನೋಡುತ್ತಿರುತ್ತಾಳೆ. ತವರಿಗೆ ಮರಳಿದ ಹೆಣ್ಣಿಗೆ ಈ ಮನೆಯಲ್ಲಿ ಮರ್ಯಾದೆ ಇದೆ ಎಂದು ಕಂಡರೆ ತನ್ನ ಕಷ್ಟ ಹೇಳಲು ಅವಳಿಗೂ ಧೈರ್ಯ ಬರುತ್ತದೆ.

ಇಷ್ಟೆಲ್ಲ ಮಾಡಿ ಉಳಿಸಿದ ಸಮಯವನ್ನು ಎಲ್ಲಿ ಬಳಸಬೇಕು? ನರಕ ಚತುರ್ದಶಿಯ ಬೆಳಗಿನ ಎಣ್ಣೆ ನೀರಿನಲ್ಲಿ. ಮಗಳ ತಲೆಗೆ ನೀವೇ ಎಣ್ಣೆ ಒತ್ತಿ. ಬೆನ್ನಿಗೆ, ತೋಳಿಗೆ ಹಚ್ಚಿ. ಬಚ್ಚಲಿನ ಬಾಗಿಲು ಮುಚ್ಚಿರಲಿ, ಹೊರಗೆ ಒಲೆಯ ಹತ್ತಿರ ಬೇರೆ ಯಾರಾದರೂ ಇರಲಿ. ಎಲ್ಲರ ಎದುರು "ಚೆನ್ನಾಗಿದ್ದೀಯಾ?" ಎಂದರೆ ಯಾವ ಹೆಣ್ಣೂ "ಇಲ್ಲ" ಎನ್ನುವುದಿಲ್ಲ. ತಾಯಿಯ ಕೈ ತಲೆಯ ಮೇಲಿದ್ದಾಗ ಕೇಳಿ: ಹೊತ್ತಿಗೆ ಊಟ ಸಿಗುತ್ತಾ? ದುಡಿದ ದುಡ್ಡು ಯಾರ ಕೈಗೆ ಹೋಗುತ್ತೆ? ಇಲ್ಲಿಗೆ ಬರುವಾಗ ಏನಾದರೂ ತಾ ಎಂದರಾ? ಯಾರಾದರೂ ಕೈ ಮಾಡಿದರಾ? ಅವಳು ಹೇಳಿದರೆ "ಹೊಂದಿಕೊಂಡು ಹೋಗು" ಎಂದು ಬಾಯಿ ಮುಚ್ಚಿಸಬೇಡಿ. ಪೂರ್ತಿ ಕೇಳಿ. ಏನು ಕೇಳಿದರು, ಯಾವಾಗ, ಯಾರ ಮುಂದೆ ಎಂದು ಬರೆದಿಡಿ. "ಈ ಮನೆ ಬಾಗಿಲು ನಿನಗೆ ಯಾವತ್ತೂ ತೆರೆದಿದೆ" ಎಂದು ಬಾಯಿಬಿಟ್ಟು ಹೇಳಿ.

ಇನ್ನು ಕಾನೂನು. ಕೇಳದೆ, ಪ್ರೀತಿಯಿಂದ ಕೊಟ್ಟ ಹಬ್ಬದ ಬಟ್ಟೆಯನ್ನು ಕಾನೂನು ತಪ್ಪು ಎನ್ನುವುದಿಲ್ಲ. ಆದರೆ 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಪ್ರಕಾರ ಮದುವೆಯ ಸಂಬಂಧವಾಗಿ ಕೇಳುವುದು, ಅದು ಮದುವೆಗೆ ಮುಂಚೆ ಇರಲಿ, ಆಮೇಲೆ ಇರಲಿ, ಅಪರಾಧ. ಬರೀ ಕೇಳಿದ್ದಕ್ಕೇ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು ಶಿಕ್ಷೆ ಇದೆ. ತವರಿನಿಂದ ಇಂಥದ್ದು ತರಲಿಲ್ಲ ಎಂದು ಗಂಡ ಅಥವಾ ಅವನ ಮನೆಯವರು ಹಿಂಸಿಸಿದರೆ ಮೂರು ವರ್ಷದವರೆಗೆ ಶಿಕ್ಷೆ. 1983ರಲ್ಲಿ ಬಂದ ಆ ಕಾನೂನನ್ನು ನಾವೆಲ್ಲ 498ಎ ಎಂದು ಕರೆಯುತ್ತಿದ್ದೆವು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಲ್ಲಿ ರಕ್ಷಣೆಯ ಆದೇಶ, ವಾಸದ ಹಕ್ಕು, ಜೀವನಾಂಶ ಕೇಳಬಹುದು. ಸಹಾಯವಾಣಿ 181. ಈ ಮೂರು ಅಂಕಿಯನ್ನು ಮಗಳಿಗೆ ಬಾಯಿಪಾಠ ಮಾಡಿಸಿ ಕಳಿಸಿ.

ಸೋದರಿಯರೇ, ಇವತ್ತಿನ ಸಭೆಯಲ್ಲಿ ಮೂರು ತೀರ್ಮಾನ ಮಾಡೋಣ ಎಂದು ಕೇಳಿಕೊಳ್ಳುತ್ತೇನೆ. ಅಳಿಯನ ಉಡುಗೊರೆಗೆ ಸಂಘದ ಸಾಲವಿಲ್ಲ ಎಂದು ನಡವಳಿ ಪುಸ್ತಕದಲ್ಲಿ ಬರೆಯೋಣ. ಆಗ "ಸಂಘದಲ್ಲಿ ಕೊಡೋದಿಲ್ಲ" ಎಂದು ಹೇಳಲು ಪ್ರತಿಯೊಬ್ಬ ತಾಯಿಗೂ ಒಂದು ಆಸರೆ ಸಿಗುತ್ತದೆ. ಸಾಮಾನು, ಕಜ್ಜಾಯ ಒಟ್ಟಾಗಿ ಮಾಡೋಣ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ಬಂದಿರುವ ಮನೆಗೆ ಹಬ್ಬದ ಮಾರನೆಯ ದಿನ ಸಂಘದ ಇಬ್ಬರು ಹೋಗಿ ಮಾತಾಡಿಸಿ ಬರೋಣ. ನಿನ್ನ ಹಿಂದೆ ನಿನ್ನ ತಾಯಿ ಒಬ್ಬಳೇ ಅಲ್ಲ, ಇಷ್ಟು ಜನ ಇದ್ದೀವಿ ಎಂದು ಅವಳಿಗೂ ಗೊತ್ತಾಗಲಿ, ಅಳಿಯನಿಗೂ ಗೊತ್ತಾಗಲಿ.

ಒಪ್ಪುವವರು ಕೈ ಎತ್ತಿ.