ಮಗುವಿನ ಕಣ್ಣಿನಲ್ಲಿ ಕಾಣುವ ಬಿಳಿ ಹೊಳಪು
(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಾನು ಕಣ್ಣಿನ ಡಾಕ್ಟರಲ್ಲ, ಜೀವಶಾಸ್ತ್ರದ ಮೇಷ್ಟ್ರು. ಇದೇ ಶಾಲೆಯಲ್ಲಿ ಕಣ್ಣಿನ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ ಅಂಕ ಗಿಟ್ಟಿಸಿದವನು. ಚಿತ್ರದ ಹಿಂಭಾಗದಲ್ಲಿ ಒಂದು ಗೆರೆ ಎಳೆದು ‘ಅಕ್ಷಿಪಟಲ’ ಎಂದು ಬರೆದರೆ ನಮ್ಮ ಕೆಲಸ ಮುಗಿಯುತ್ತಿತ್ತು. ಆ ಗೆರೆಯಲ್ಲೇ ಹುಟ್ಟುವ ಒಂದು ಕಾಯಿಲೆಯ ಬಗ್ಗೆ ಇವತ್ತು ಮಾತನಾಡುತ್ತೇನೆ. ಅದರ ಹೆಸರು ರೆಟಿನೋಬ್ಲಾಸ್ಟೋಮಾ, ಪುಟ್ಟ ಮಕ್ಕಳ ಕಣ್ಣಿನ ಕ್ಯಾನ್ಸರ್. ಹಬ್ಬದ ದಿನ ಇದೇನು ಮಾತು ಎನ್ನಬೇಡಿ. ಇಷ್ಟು ಜನ ಅಜ್ಜಿಯರು, ತಾಯಂದಿರು ಒಂದೇ ಕಡೆ ಕೂತು ಕೇಳುವ ದಿನ ಮತ್ತೆ ಸಿಗುವುದಿಲ್ಲ.

ಹುಟ್ಟುವ 15,000ದಿಂದ 20,000 ಮಕ್ಕಳಲ್ಲಿ ಒಂದಕ್ಕೆ ಇದು ಬರುತ್ತದೆ, ಹೆಚ್ಚಾಗಿ ಐದು ವರ್ಷದೊಳಗೆ. ಯಾಕೆ ಬರುತ್ತದೆ? ಕೆರೆ ತೂಬಿನ ನೀರುಗಂಟಿಯನ್ನು ನೆನಪು ಮಾಡಿಕೊಳ್ಳಿ. ಸರದಿ ಬಂದಾಗ ನೀರು ಬಿಡುತ್ತಾನೆ, ಉಳಿದಂತೆ ತೂಬು ಮುಚ್ಚಿ ಕಾಯುತ್ತಾನೆ. ನಮ್ಮ ಜೀವಕೋಶದ ಕೇಂದ್ರದಲ್ಲಿ ಅಂಥದ್ದೇ ಒಂದು ಪ್ರೋಟೀನ್ ಇದೆ, ಆರ್‌ಬಿ ಎಂದು ಹೆಸರು. ಜೀವಕೋಶ ಒಡೆದು ಎರಡಾಗಲು ಬೇಕಾದ ವಂಶವಾಹಿಗಳನ್ನು ಎಬ್ಬಿಸುವ ಇ2ಎಫ್ ಎಂಬ ಇನ್ನೊಂದು ಪ್ರೋಟೀನನ್ನು ಇದು ಹಿಡಿದುಕೊಂಡು, ಆ ವಂಶವಾಹಿಗಳು ಓದಿಕೊಳ್ಳದಂತೆ ತಡೆದಿರುತ್ತದೆ. ಒಡೆಯುವ ಹೊತ್ತು ಬಂದಾಗ ಮಾತ್ರ ಹಿಡಿತ ಬಿಡುತ್ತದೆ. ಈ ಆರ್‌ಬಿಯನ್ನು ತಯಾರಿಸುವ ವಂಶವಾಹಿ 13ನೇ ವರ್ಣತಂತುವಿನಲ್ಲಿದೆ. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು ಪ್ರತಿ. ಅಂದರೆ ಒಂದು ತೂಬಿಗೆ ಇಬ್ಬರು ನೀರುಗಂಟಿಗಳು. ಒಬ್ಬ ಮಲಗಿದರೆ ಇನ್ನೊಬ್ಬ ನೋಡಿಕೊಳ್ಳುತ್ತಾನೆ. ಅಕ್ಷಿಪಟಲದ ಒಂದೇ ಜೀವಕೋಶದಲ್ಲಿ ಇಬ್ಬರೂ ಇಲ್ಲವಾದರೆ ಅದು ತಡೆಯಿಲ್ಲದೆ ಬೆಳೆಯುತ್ತಾ ಹೋಗಿ ಗಡ್ಡೆಯಾಗುತ್ತದೆ.

ಇದನ್ನು ಮೊದಲು ಊಹಿಸಿದವರು ಅಮೆರಿಕದ ಆಲ್ಫ್ರೆಡ್ ನುಡ್ಸನ್. 1971ರಲ್ಲಿ, 48 ಮಕ್ಕಳ ದಾಖಲೆಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿ ‘ಎರಡು ಪೆಟ್ಟು ಬಿದ್ದಿರಬೇಕು’ ಎಂದರು. ವಂಶವಾಹಿ ಕೈಗೆ ಸಿಕ್ಕಿದ್ದು 1986ರಲ್ಲಿ. ಗಣಿತಕ್ಕೆ ಹೆದರುವ ನನ್ನ ಮಕ್ಕಳಿಗೆ ಈ ಕಥೆಯನ್ನು ಪ್ರತಿ ವರ್ಷ ಹೇಳುತ್ತೇನೆ.

ಸುಮಾರು ನೂರಕ್ಕೆ 40 ಮಕ್ಕಳಲ್ಲಿ ಮೊದಲನೆಯ ಪೆಟ್ಟು ಹುಟ್ಟುವಾಗಲೇ ಮೈಯ ಎಲ್ಲ ಜೀವಕೋಶಗಳಲ್ಲೂ ಇರುತ್ತದೆ. ಇಂಥವರಿಗೆ ಹೆಚ್ಚಾಗಿ ಎರಡೂ ಕಣ್ಣಿಗೆ, ಅದೂ ಬೇಗ ಬರುತ್ತದೆ. ಅವರು ಮುಂದೆ ಹೆತ್ತ ಮಕ್ಕಳಿಗೂ ಆ ದೋಷ ಹೋಗುವ ಸಾಧ್ಯತೆ ಅರ್ಧಕ್ಕರ್ಧ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕಡೆ ಇಂಥ ಮಗು ಹುಟ್ಟಿದರೆ ‘ಅಕ್ಕನ ಮಗಳನ್ನೇ ತಂದುಕೊಂಡಿದ್ದಕ್ಕೆ ಹೀಗಾಯ್ತು’ ಎನ್ನುತ್ತಾರೆ, ಇಲ್ಲವೇ ಸೊಸೆ ಗ್ರಹಣ ನೋಡಿದಳು ಎನ್ನುತ್ತಾರೆ. ಎರಡೂ ತಪ್ಪು. ರಕ್ತಸಂಬಂಧದ ಮದುವೆಯಿಂದ ಬೇರೆ ಕೆಲವು ಕಾಯಿಲೆಗಳು ಹೆಚ್ಚುವುದು ನಿಜ, ಆದರೆ ಇದು ಆ ಜಾತಿಯದಲ್ಲ. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ದೋಷ ಬರಬೇಕೆಂದಿಲ್ಲ, ಒಂದೇ ಸಾಕು. ಎಷ್ಟೋ ಸಲ ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಹುಟ್ಟುತ್ತದೆ. ಆ ತಾಯಿಯನ್ನು ದೂರಬೇಡಿ.

ಗುರುತು ಏನು? ಕಣ್ಣಿನ ಪಾಪೆ ಕಪ್ಪಾಗಿರಬೇಕು. ಮಬ್ಬು ಬೆಳಕಿನಲ್ಲಿ ಅದರೊಳಗೆ ಬೆಕ್ಕಿನ ಕಣ್ಣಿನಂತೆ ಬಿಳಿ ಹೊಳಪು ಕಂಡರೆ ಅನುಮಾನಪಡಿ. ಫ್ಲ್ಯಾಶ್ ಹಾಕಿ ತೆಗೆದ ಮೊಬೈಲ್ ಫೋಟೋದಲ್ಲಿ ಒಂದು ಕಣ್ಣು ಕೆಂಪಗೆ, ಇನ್ನೊಂದು ಬಿಳಿ ಬಂದಿದ್ದರೂ ಅಷ್ಟೇ. ಹೊಸದಾಗಿ ಮೆಳ್ಳೆಗಣ್ಣು ಬಂದರೆ ಅದೃಷ್ಟ ಎಂದು ಕೂರಬೇಡಿ. ಬಿಳಿ ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ, ಹುಟ್ಟಿನಿಂದ ಬಂದ ಪೊರೆಯೂ ಇರಬಹುದು. ಅದಕ್ಕೂ ಡಾಕ್ಟರೇ ಬೇಕು, ಸೊಪ್ಪಿನ ರಸವಲ್ಲ.

ಗಡ್ಡೆ ಚಿಕ್ಕದಿದ್ದರೆ ಲೇಸರ್, ಶೀತ ಚಿಕಿತ್ಸೆ, ಔಷಧಿಗಳಿಂದ ಕಣ್ಣನ್ನೇ ಉಳಿಸಬಹುದು. ದೊಡ್ಡದಾಗಿದ್ದರೆ ಕಣ್ಣು ತೆಗೆಯಬೇಕಾಗುತ್ತದೆ. ಎಷ್ಟೋ ಮನೆಯವರು ಹಿಂದೆ ಸರಿಯುವುದು ಇಲ್ಲೇ. ‘ಕಣ್ಣಿಲ್ಲದ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ’ ಎಂದು ಮಗುವನ್ನು ಎತ್ತಿಕೊಂಡು ವಾಪಸ್ಸು ಬಂದುಬಿಡುತ್ತಾರೆ. ಅಷ್ಟರಲ್ಲಿ ಕಾಯಿಲೆ ಕಣ್ಣಿನ ನರದ ಮೂಲಕ ಮಿದುಳಿಗೆ ಹೋಗುತ್ತದೆ. ತೆಗೆದ ಜಾಗಕ್ಕೆ ಕೃತಕ ಕಣ್ಣು ಕೂರಿಸುತ್ತಾರೆ, ಮಗು ಇನ್ನೊಂದು ಕಣ್ಣಿನಲ್ಲಿ ನೋಡಿಕೊಂಡು ಶಾಲೆಗೆ ಬರುತ್ತದೆ.

ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುತ್ತದೆ, ಅವರಿಗೆ ತೋರಿಸಿ. ಆದರೆ ಬಿಳಿ ಹೊಳಪು ಕಂಡ ಮೇಲೆ ಅವರಿಗಾಗಿ ಕಾಯಬೇಡಿ. ಬೆಳ್ಳೂರಿನಲ್ಲಿ, ಮಂಡ್ಯದಲ್ಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗಗಳಿವೆ. ಬೆಂಗಳೂರಿನಲ್ಲಿ ಮಿಂಟೋ ಇದೆ, ಕಿದ್ವಾಯಿ ಇದೆ. ಅದೇ ವಾರ ಹೊರಡಿ. ಹೋಗುವಾಗ ಆ ಫೋಟೋ ಇರುವ ಮೊಬೈಲನ್ನೂ ತೆಗೆದುಕೊಂಡು ಹೋಗಿ. ಕಾಯಿಲೆ ಇದೇ ಎಂದು ಗೊತ್ತಾದರೆ ಆ ಮಗುವಿನ ಅಣ್ಣ, ಅಕ್ಕ, ತಮ್ಮ, ತಂಗಿ ಎಲ್ಲರ ಕಣ್ಣನ್ನೂ ಪರೀಕ್ಷೆ ಮಾಡಿಸಿ.

ಊಟದ ಹೊತ್ತಿಗೆ ಬಿಸಿಲಲ್ಲಿ ಕೂರಿಸಿಕೊಂಡೆ, ಕ್ಷಮಿಸಿ.